ವಿದ್ಯಾರ್ಥಿ ವ್ಯಾಪಾರ ಮತ್ತು ಕಾಲೇಜು ಅರ್ಜಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮೂರು ಜಿಲ್ಲೆಗಳಲ್ಲಿ ಓದುತ್ತಲೇ ವ್ಯಾಪಾರ ಮಾಡುವ ಮಕ್ಕಳು ತುಂಬಾ ಇದ್ದಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಒಣದ್ರಾಕ್ಷಿ, ಮೊಬೈಲ್ ರಿಪೇರಿ, ಚಿಕ್ಕ ಮಕ್ಕಳಿಗೆ ಟ್ಯೂಷನ್. ಅವರಲ್ಲಿ ಕೆಲವರಿಗೆ ಈಗ ದೂರದ ದೊಡ್ಡ ಕಾಲೇಜುಗಳ ಮೇಲೆ ಮನಸ್ಸಿದೆ. ಆದರೆ ಅರ್ಜಿ ತುಂಬಲು ಕೂತಾಗ ಇಬ್ಬಗೆಯ ತೊಂದರೆ ಆಗುತ್ತದೆ. ಕೆಲವರು "ಇದೇನು ಹೇಳಿಕೊಳ್ಳುವಂಥದ್ದಾ?" ಅಂತ ಬಿಟ್ಟೇಬಿಡುತ್ತಾರೆ. ಇನ್ನು ಕೆಲವರು ಯಾರದೋ ಮಾತು ಕೇಳಿ ಇಲ್ಲದ್ದನ್ನೆಲ್ಲ ಸೇರಿಸುತ್ತಾರೆ. ಎರಡರಿಂದಲೂ ನಷ್ಟ ನಿಮಗೇ.

ಎಲ್ಲಾ ಕಾಲೇಜುಗಳೂ ಇದನ್ನು ನೋಡುತ್ತವಾ?

ಇಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಎಷ್ಟೋ ಸಮಯ ಉಳಿಯುತ್ತದೆ. ಕೆಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಹಾಕುವುದು ಪಿಯು ಅಂಕದಿಂದ ಅರ್ಧ, ಸಿಇಟಿ ಅಂಕದಿಂದ ಅರ್ಧ. ನೀಟ್, ಜೆಇಇ ಕೂಡ ರ‍್ಯಾಂಕಿನ ಆಟ. ಅಲ್ಲಿ ನಿಮ್ಮ ವ್ಯಾಪಾರಕ್ಕೆ ಒಂದು ಅಂಕವೂ ಸಿಗುವುದಿಲ್ಲ. ಅದೇ ನಿಮ್ಮ ಗುರಿ ಆಗಿದ್ದರೆ ಈ ಚಿಂತೆ ಬಿಟ್ಟು ಓದಿಕೊಳ್ಳಿ.

ವ್ಯಾಪಾರದ ಮಾತು ನಡೆಯುವ ಕಡೆ ಬೇರೆ ಇವೆ. ಐಐಎಂ ಇಂದೋರ್ 2011ರಲ್ಲಿ ಶುರು ಮಾಡಿದ ಐದು ವರ್ಷದ ಐಪಿಎಂ (ಪಿಯು ನಂತರದ ಮ್ಯಾನೇಜ್‌ಮೆಂಟ್) ಕೋರ್ಸಿಗೆ ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನವೂ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯ ಕೂಡ ಹುಡುಗ, ಹುಡುಗಿಯರನ್ನು ಮಾತಾಡಿಸಿ ನೋಡುತ್ತವೆ. ಅಮೆರಿಕದ ಕಾಲೇಜುಗಳ ಅರ್ಜಿಯಲ್ಲಂತೂ ಶಾಲೆಯ ಹೊರಗೆ ಏನು ಮಾಡಿದಿರಿ ಅನ್ನುವುದಕ್ಕೇ ಒಂದು ದೊಡ್ಡ ಭಾಗ ಇದೆ. ಇಂಗ್ಲೆಂಡಿನ ಕಾಲೇಜುಗಳಿಗೆ ಒಂದೇ ಕಡೆ ಹಾಕುವ ಯುಕಾಸ್ ಅರ್ಜಿ 2026ರ ಪ್ರವೇಶದಿಂದ ಬದಲಾಗಿದೆ. ಮೊದಲಿನ ಒಂದೇ ಉದ್ದನೆಯ ಬರಹದ ಬದಲು ಈಗ ಮೂರು ಪ್ರಶ್ನೆಗಳಿವೆ, ಒಟ್ಟು 4000 ಅಕ್ಷರ. ಓದಿನ ಹೊರಗೆ ಏನು ತಯಾರಿ ಮಾಡಿಕೊಂಡಿರಿ, ಅದು ಈ ಕೋರ್ಸಿಗೆ ಹೇಗೆ ಉಪಯೋಗ ಅಂತ ಮೂರನೆಯ ಪ್ರಶ್ನೆ ಕೇಳುತ್ತದೆ. ವ್ಯಾಪಾರಕ್ಕೆ ಜಾಗ ಅದೇ.

ಅರ್ಜಿಯನ್ನು ಹೇಗೆ ಓದುತ್ತಾರೆ?

ಹಾರ್ವರ್ಡ್‌ನಂಥ ಕಡೆ ಅರ್ಜಿ ಹಾಕಿದ 100 ಜನರಲ್ಲಿ ಐದು ಜನರಿಗೂ ಸೀಟು ಸಿಗುವುದಿಲ್ಲ. ಓದುವವರು ಮೊದಲು ನೋಡುವುದು ಒಂಬತ್ತನೇ ತರಗತಿಯಿಂದ ಪಿಯು ಎರಡನೇ ವರ್ಷದವರೆಗಿನ ಅಂಕ, ನಿಮ್ಮ ಕಾಲೇಜಿನಲ್ಲಿ ಏನೆಲ್ಲ ಓದಲು ಸಿಗುತ್ತಿತ್ತು ಅನ್ನುವ ವಿವರ. ಆಮೇಲೆ ಚಟುವಟಿಕೆ, ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ. ಎಲ್ಲವನ್ನೂ ಒಟ್ಟಿಗೆ ಇಟ್ಟು "ಈ ಹುಡುಗಿ ಇರುವ ಜಾಗದಲ್ಲಿ, ಅವಳ ಕೈಗೆ ಸಿಕ್ಕಿದ್ದರಲ್ಲಿ ಏನು ಮಾಡಿದಳು?" ಅಂತ ನೋಡುತ್ತಾರೆ. ಇದು ನಮ್ಮ ಕಡೆಯ ಮಕ್ಕಳಿಗೆ ಒಳ್ಳೆಯ ಸುದ್ದಿ. ಹುನಗುಂದದ ಹುಡುಗಿಯನ್ನು ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನ ಅಳತೆಗೋಲಿನಿಂದ ಅಳೆಯುವುದಿಲ್ಲ. ಆದರೆ ಹುನಗುಂದ ಹೇಗಿದೆ ಅಂತ ಅವರಿಗೆ ಹೇಳಬೇಕಾದವರು ನೀವೇ.

ವ್ಯಾಪಾರ ಚೆನ್ನಾಗಿದ್ದರೆ ಅಂಕ ಕಡಿಮೆ ಇದ್ದರೂ ನಡೆಯುತ್ತಾ?

ನಡೆಯುವುದಿಲ್ಲ. ಓದು ಮೊದಲು. ವ್ಯಾಪಾರದಿಂದ ಒಂದು ವರ್ಷ ಅಂಕ ಕುಸಿದಿದ್ದರೆ ಅದಕ್ಕೆ ಕಾರಣ ಹೇಳಬಹುದು, ಅಷ್ಟೇ.

ನಮ್ಮದು ಮನೆತನದ ದಂಧೆ. ನಾನು ಶುರು ಮಾಡಿದ್ದಲ್ಲ. ಬರೆಯಬಹುದಾ?

ಖಂಡಿತ ಬರೆಯಿರಿ. ನಮ್ಮ ಕಡೆ ಇದು ಅತಿ ಹೆಚ್ಚು ಬರುವ ಪ್ರಶ್ನೆ. ಜಾಸ್ತಿ ಮಕ್ಕಳು ಎಡವುವುದೂ ಇಲ್ಲೇ.

ಇಳಕಲ್‌ನಲ್ಲಿ ಮಗ್ಗ ಇರುವ ಮನೆ ಅಂದುಕೊಳ್ಳಿ. ನೇಯುವುದು ಅಪ್ಪ, ದೊಡ್ಡಪ್ಪ. ಒಡಲಿನ ಹಾಸು ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಸೇರಿಸುವ ಕೆಲಸ ಅಮ್ಮನದು. ಮಗಳು ಪಿಯು ಮೊದಲ ವರ್ಷ. ಅವಳು ಸೀರೆಯ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕಿ, ಧಾರವಾಡ, ಪುಣೆಯ ಗಿರಾಕಿಗಳಿಗೆ ನೇರವಾಗಿ ಮಾರುತ್ತಾಳೆ. ಹಾಗಾದರೆ ಅವಳ ವ್ಯಾಪಾರ ಯಾವುದು? "ಇಳಕಲ್ ಸೀರೆ ಉದ್ಯಮ ನಡೆಸುತ್ತೇನೆ" ಅಂದರೆ ಅದು ಅಪ್ಪನ ಬೆವರನ್ನೂ ತನ್ನ ಹೆಸರಿಗೆ ಬರೆದುಕೊಂಡ ಹಾಗೆ ಆಗುತ್ತದೆ. "ಮನೆಯವರಿಗೆ ಸಹಾಯ ಮಾಡುತ್ತೇನೆ" ಅಂದರೆ ಅವಳು ಮಾಡಿದ್ದೆಲ್ಲ ಮುಚ್ಚಿಹೋಗುತ್ತದೆ. ನಿಜ ಇಷ್ಟು: ಮನೆಯವರು ನೇಯುತ್ತಾರೆ, ಮೊದಲು ಎಲ್ಲವೂ ಸಾವುಕಾರರ ಅಂಗಡಿಗೆ ಹೋಗುತ್ತಿತ್ತು, ಈಗ ಒಂದು ಪಾಲು ನೇರವಾಗಿ ಗಿರಾಕಿಗೆ ಹೋಗುತ್ತದೆ, ಆ ದಾರಿ ತೆರೆದವಳು ಅವಳು. ಇಷ್ಟು ಹೇಳಿದರೆ ಓದುವವರಿಗೆ ಅವಳೂ ಕಾಣುತ್ತಾಳೆ, ಮನೆಯೂ ಕಾಣುತ್ತದೆ.

ಅರ್ಜಿ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ನಾನು ಬರುವ ಮೊದಲೇ ಇದ್ದದ್ದು ಒಂದು ಕಡೆ, ನಾನು ಬಂದ ಮೇಲೆ ಬದಲಾದದ್ದು ಇನ್ನೊಂದು ಕಡೆ. ಬಂಡವಾಳ ಯಾರದು, ಜಾಗ ಯಾರದು, ಕೈಕೆಲಸ ಯಾರದು, ಬೆಲೆ ನಿರ್ಧಾರ ಯಾರದು ಅಂತ ಬರೆದುಕೊಳ್ಳಿ. ಎರಡನೇ ಕಡೆ ಬರೀ ಮೂರು ಸಾಲು ಬಂದರೂ ಸಾಕು. ಅರ್ಜಿ ಬರೆಯುವುದು ಆ ಮೂರು ಸಾಲಿನಿಂದಲೇ. ಅಪ್ಪ, ಅಮ್ಮನ ಹೆಸರನ್ನು ಅದರಲ್ಲಿ ಸೇರಿಸಲು ಹಿಂಜರಿಯಬೇಡಿ. ಯಾರ ಸಹಾಯ ಸಿಕ್ಕಿತು ಅಂತ ಬಾಯಿಬಿಟ್ಟು ಹೇಳುವ ಹುಡುಗನ ಮಾತನ್ನು ಜನ ನಂಬುತ್ತಾರೆ.

ಇನ್ನೊಂದು ಮಾತು. ಅಮೆರಿಕದ 1000ಕ್ಕೂ ಹೆಚ್ಚು ಕಾಲೇಜುಗಳು ಬಳಸುವ ಒಂದೇ ಆನ್‌ಲೈನ್ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಯ ಬಗೆ ಆರಿಸುವಾಗ ಸಂಬಳದ ಕೆಲಸ, ಕುಟುಂಬದ ಜವಾಬ್ದಾರಿ ಎರಡೂ ಇವೆ. ಹೊಲ, ಮಗ್ಗ, ಕಿರಾಣಿ ಅಂಗಡಿಯಲ್ಲಿ ದಿನಾ ಕೂರುವುದು ಗೌರವದ ಚಟುವಟಿಕೆಯೇ. ಅದನ್ನು ಎಳೆದಾಡಿ 'ಸ್ಟಾರ್ಟಪ್' ಮಾಡುವ ಅಗತ್ಯ ಇಲ್ಲ.

ಫೌಂಡರ್, ಸಿಇಒ ಅಂತ ಹಾಕಿಕೊಳ್ಳಲಾ?

ನೀವೇ ಶುರು ಮಾಡಿದ್ದರೆ ಫೌಂಡರ್ ಅನ್ನಿ, ತಪ್ಪಿಲ್ಲ. ಇಬ್ಬರು ಸೇರಿ ಶುರು ಮಾಡಿದ್ದರೆ ಇಬ್ಬರೂ ಕೋ-ಫೌಂಡರ್. ಗೆಳತಿಯ ಅರ್ಜಿ ಅದೇ ಕಾಲೇಜಿಗೆ ಹೋಗಬಹುದು ಅನ್ನುವುದು ನೆನಪಿರಲಿ. ಮೂರು ಜನರ ರೊಟ್ಟಿ ವ್ಯಾಪಾರಕ್ಕೆ ಸಿಇಒ ಬೇಡ. 'ಆರ್ಡರ್ ಮತ್ತು ಲೆಕ್ಕ ನೋಡಿಕೊಳ್ಳುವವಳು' ಅಂದರೆ ಅದರಲ್ಲೇ ತೂಕ ಜಾಸ್ತಿ.

ಚಟುವಟಿಕೆ ವಿವರಕ್ಕೆ ಬರೀ 150 ಅಕ್ಷರ. ಅದರಲ್ಲಿ ಏನು ಬರೆಯುವುದು?

ಕಾಮನ್ ಆ್ಯಪ್‌ನಲ್ಲಿ ಹೆಚ್ಚೆಂದರೆ 10 ಚಟುವಟಿಕೆ ಹಾಕಬಹುದು. ಪ್ರತಿಯೊಂದಕ್ಕೂ ನಿಮ್ಮ ಸ್ಥಾನ ಹೇಳಲು 50 ಅಕ್ಷರ, ಸಂಸ್ಥೆಯ ಹೆಸರಿಗೆ 100, ವಿವರಕ್ಕೆ 150. ಇಂಗ್ಲಿಷಿನಲ್ಲಿ ಅದು ಸುಮಾರು 25 ಪದ. ಎಂಐಟಿ ತನ್ನದೇ ಅರ್ಜಿ ಇಟ್ಟುಕೊಂಡಿದೆ. ಅಲ್ಲಿ ನಾಲ್ಕೇ ಚಟುವಟಿಕೆ ಕೇಳುತ್ತಾರೆ.

ವಿಜಯಪುರದಲ್ಲಿ ಹಾಸ್ಟೆಲ್‌ಗಳಿಗೆ ರೊಟ್ಟಿ ಕೊಡುವ ಹುಡುಗ ಅಂದುಕೊಳ್ಳೋಣ. ಅವನ ಮೊದಲ ಬರಹ ಹೀಗಿರುತ್ತದೆ: "ಯುವ ಉದ್ಯಮಿಯಾಗಿ ಗ್ರಾಮೀಣ ಮಹಿಳೆಯರ ಬದುಕು ಬದಲಿಸಿ, ಉತ್ತರ ಕರ್ನಾಟಕದ ಆಹಾರಕ್ಕೆ ಹೊಸ ವೇದಿಕೆ ಕಟ್ಟಿದೆ." ಇದನ್ನು ಯಾರು ಬೇಕಾದರೂ ಬರೆಯಬಹುದು. ಅವನು ಏನು ಮಾಡಿದ ಅಂತ ಒಂದು ಪದವೂ ಇಲ್ಲ. ಇದನ್ನೇ ಹೀಗೆ ಬರೆಯಲಿ: "ಚಿಕ್ಕಮ್ಮ, ಇಬ್ಬರು ನೆರೆಯವರು ರೊಟ್ಟಿ ಬಡಿಯುತ್ತಾರೆ. ಆರ್ಡರ್, ಲೆಕ್ಕ, ಸಾಗಾಟ ನನ್ನದು. 4 ಹಾಸ್ಟೆಲ್, ವಾರಕ್ಕೆ 600 ರೊಟ್ಟಿ. ಮುರಿಯದಂತೆ ಡಬ್ಬ ಬದಲಿಸಿದೆ." ಇದರಲ್ಲಿ ಜನ ಇದ್ದಾರೆ, ಅಳತೆ ಇದೆ, ಅವನು ಬಿಡಿಸಿದ ಒಂದು ತೊಡಕು ಇದೆ. ರೊಟ್ಟಿ ಮುರಿದರೆ ಗಿರಾಕಿ ವಾಪಸ್ ಕೊಡುತ್ತಾನೆ, ಆ ನಷ್ಟ ತಡೆಯಲು ಅವನು ತಲೆ ಓಡಿಸಿದ್ದಾನೆ. ಓದುವವರು ಹುಡುಕುವುದು ಇದನ್ನೇ.

ಸಂಸ್ಥೆಯ ಹೆಸರಿನ ಜಾಗದಲ್ಲಿ ಊರು, ವಸ್ತು ಎರಡನ್ನೂ ಹೇಳಿಬಿಡಿ. ಕರದಂಟು ಏನು ಅಂತ ಬೋಸ್ಟನ್ನಿನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಅಂಟು, ಬೆಲ್ಲ, ಒಣಹಣ್ಣು ಹಾಕಿ ಮಾಡುವ ಸಿಹಿ ಅಂತ ನಾಲ್ಕು ಪದದಲ್ಲಿ ಹೇಳಿದರೆ ಸಾಕು, ವಿವರದ 150 ಅಕ್ಷರ ನಿಮ್ಮ ಕೆಲಸಕ್ಕೆ ಉಳಿಯುತ್ತದೆ.

ವಹಿವಾಟು ಹೇಳಲಾ, ಲಾಭ ಹೇಳಲಾ?

ಯಾವುದನ್ನು ಹೇಳುತ್ತಿದ್ದೀರಿ ಅಂತ ಸ್ಪಷ್ಟವಾಗಿ ಹೇಳಿ. ದೀಪಾವಳಿಗೆ 80,000 ರೂಪಾಯಿ ಮಾರಾಟ ಆಯಿತು ಅನ್ನಿ. ಸಾಮಾನು, ಪ್ಯಾಕಿಂಗ್, ಕೂಲಿ, ಗಾಡಿ ಬಾಡಿಗೆ ಕಳೆದು 9,000 ಉಳಿಯಿತು. ಅದರಲ್ಲೂ 3,000 ಉದ್ರಿ, ಇನ್ನೂ ಕೈಗೆ ಬಂದಿಲ್ಲ. ಆಗ "80,000 ಗಳಿಸಿದೆ" ಅನ್ನುವುದು ಸುಳ್ಳು. ಕೈಯಲ್ಲಿ ಉಳಿದದ್ದು ಸಣ್ಣ ಮೊತ್ತ ಅಂತ ನಾಚಿಕೆ ಬೇಡ. ಯಾವ ಓದುಗರೂ ಹದಿನೇಳು ವರ್ಷದವರಿಂದ ಕೋಟಿ ಕೇಳುವುದಿಲ್ಲ. ಆ ಹಣದಿಂದ ಏನು ಮಾಡಿದಿರಿ ಅನ್ನುವುದು ಕೆಲವೊಮ್ಮೆ ಮೊತ್ತಕ್ಕಿಂತ ಹೆಚ್ಚು ಹೇಳುತ್ತದೆ. ತಂಗಿಯ ಪಿಯು ಫೀಸು ಕಟ್ಟಿದ್ದರೆ ಅದನ್ನು ಬರೆಯಿರಿ.

ಒಂದು ಖಾತೆ ಪುಸ್ತಕ ಇಡಿ. 100 ಪುಟದ ನೋಟ್‌ಬುಕ್ ಸಾಕು. ಕೊಂಡದ್ದು, ಮಾರಿದ್ದು, ಉದ್ರಿ, ದಿನಾಂಕ. ಎರಡು ವರ್ಷದ ನಂತರ ನೆನಪಿನಿಂದ ಲೆಕ್ಕ ಬರೆಯಲು ಹೋದರೆ ಎಲ್ಲರೂ ತಮಗೇ ಗೊತ್ತಿಲ್ಲದೆ ಸ್ವಲ್ಪ ದೊಡ್ಡದು ಮಾಡಿಬಿಡುತ್ತಾರೆ.

ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಕೇಳುತ್ತಾರೆ. ನಮ್ಮದು ಸೀಸನ್ ವ್ಯಾಪಾರ.

ಹಾಗೆಯೇ ಬರೆಯಿರಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲೋ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲೋ ಅಂಗಡಿ ಹಾಕುವವರಿಗೆ ಮೂರು ವಾರ ಹಗಲು ರಾತ್ರಿ ಕೆಲಸ, ಉಳಿದ ಸಮಯ ಏನೂ ಇಲ್ಲ. ವರ್ಷಕ್ಕೆ 3 ವಾರ, ವಾರಕ್ಕೆ 40 ಗಂಟೆ ಅಂತ ಹಾಕಿದರೆ ಅದು ನಂಬುವಂಥ ಲೆಕ್ಕ. ವರ್ಷಪೂರ್ತಿ ವಾರಕ್ಕೆ 30 ಗಂಟೆ ಅಂತ ಹಾಕಿ, ಅದರ ಜೊತೆ ಇನ್ನೂ ಒಂಬತ್ತು ಚಟುವಟಿಕೆ ತುಂಬಿದರೆ, ನಿದ್ದೆಗೆ ಸಮಯ ಎಲ್ಲಿದೆ ಅಂತ ಯಾರಾದರೂ ಕೂಡಿಸಿ ನೋಡುತ್ತಾರೆ.

ನನಗೆ 18 ಆಗಿಲ್ಲ. ವ್ಯಾಪಾರ ಕಾನೂನಿನ ಪ್ರಕಾರ ನನ್ನದು ಅನ್ನಬಹುದಾ?

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲು ಬರುವುದಿಲ್ಲ. ಅಂಥ ಕರಾರಿಗೆ ಬೆಲೆಯೇ ಇಲ್ಲ ಅಂತ 1903ರಲ್ಲೇ ತೀರ್ಪು ಬಂದಿದೆ. ಹಾಗಾಗಿ ಅಂಗಡಿ ಬಾಡಿಗೆ, ಲೈಸೆನ್ಸ್, ದೊಡ್ಡ ಆರ್ಡರಿನ ಕಾಗದ ಎಲ್ಲ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿ ಇರಲಿ. ಇದನ್ನು ಮುಚ್ಚಿಡಬೇಕಿಲ್ಲ. "ನೋಂದಣಿ ಅಮ್ಮನ ಹೆಸರಿನಲ್ಲಿದೆ, ನಡೆಸುವುದು ನಾನು" ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ.

ತಿನ್ನುವ ವಸ್ತು ಮಾರುತ್ತಿದ್ದರೆ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಮನೆ ಮಟ್ಟದ ವ್ಯಾಪಾರಕ್ಕೆ ಶುಲ್ಕ ವರ್ಷಕ್ಕೆ 100 ರೂಪಾಯಿ, ಮಾಡಿಸಿಬಿಡಿ. ವಸ್ತು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ.

ಜಿಐ, ಅಂದರೆ ಒಂದು ಊರಿನ ವಿಶೇಷ ವಸ್ತುವಿಗೆ ಕೊಡುವ ಭೌಗೋಳಿಕ ಗುರುತು, ಅದರ ಬಗ್ಗೆ ಸ್ವಲ್ಪ ಎಚ್ಚರ. ಇಳಕಲ್ ಸೀರೆಗೆ ಜಿಐ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ, ಅಥಣಿಯ ಚಪ್ಪಲಿ ಅದರ ಒಳಗೇ ಬರುತ್ತದೆ. ಪವರ್‌ಲೂಮ್ ಬಟ್ಟೆಯನ್ನು ಕೈಮಗ್ಗದ್ದು ಅಂತ ಮಾರಿ, ಅದನ್ನೇ ಅರ್ಜಿಯಲ್ಲಿ "ನೇಕಾರರನ್ನು ಉಳಿಸಿದೆ" ಅಂತ ಬರೆಯುವುದು ನೇಕಾರರಿಗೆ ಮಾಡುವ ದ್ರೋಹ.

ಪ್ರಬಂಧವನ್ನೂ ವ್ಯಾಪಾರದ ಮೇಲೇ ಬರೆಯಲಾ?

ಬರೆಯಲೇಬೇಕು ಅಂತಿಲ್ಲ. ಕಾಮನ್ ಆ್ಯಪ್ ಪ್ರಬಂಧ 250ರಿಂದ 650 ಪದ. ಅಷ್ಟರಲ್ಲಿ ಒಂದೇ ವಿಷಯಕ್ಕೆ ಜಾಗ. ವ್ಯಾಪಾರ ಆಗಲೇ ಚಟುವಟಿಕೆಯಲ್ಲಿ ಬಂದಿದೆ. ಅಜ್ಜಿಯ ಹತ್ತಿರ ಕಲಿತ ಹಂತಿ ಪದದ ಬಗ್ಗೆ ಹೇಳುವುದು ನಿಮ್ಮ ಬಳಿ ಇದ್ದರೆ ಅದನ್ನೇ ಬರೆಯಿರಿ.

ವ್ಯಾಪಾರದ ಮೇಲೇ ಬರೆಯುತ್ತೀರಾ? ಹಾಗಿದ್ದರೆ ಶುರುವಿನಿಂದ ಕೊನೆಯವರೆಗಿನ ಕಥೆ ಬೇಡ. "ಮೊದಲು ಕಷ್ಟ, ಆಮೇಲೆ ಛಲ, ಕೊನೆಗೆ ಗೆಲುವು" ಅನ್ನುವ ಪ್ರಬಂಧವನ್ನು ಅವರು ಒಂದೇ ದಿನದಲ್ಲಿ ಎಷ್ಟೋ ಓದಿರುತ್ತಾರೆ. ಒಂದು ನಿರ್ಧಾರ ಹಿಡಿದುಕೊಳ್ಳಿ. ಅದೂ ಸುಲಭವಲ್ಲದ್ದು. ತಿಕೋಟಾ ಕಡೆಯ ದ್ರಾಕ್ಷಿ ಮನೆಯ ಹುಡುಗನೊಬ್ಬ ಒಣದ್ರಾಕ್ಷಿ ಮಾರುತ್ತಾನೆ ಅನ್ನಿ. ಒಣಗಲು ಹಾಕಿದಾಗ ಅಕಾಲ ಮಳೆ ಬಂದು ಮಾಲಿನ ಬಣ್ಣ ಕೆಟ್ಟಿತು. ಆರ್ಡರ್ ಆಗಲೇ ತೆಗೆದುಕೊಂಡಾಗಿದೆ. ಒಳ್ಳೆಯದರ ಜೊತೆ ಬೆರೆಸಿ ಕಳಿಸಬೇಕೋ, ಗಿರಾಕಿಗೆ ಫೋನ್ ಮಾಡಿ ಹೇಳಬೇಕೋ? ಅಪ್ಪ ಒಂದು ಹೇಳುತ್ತಾರೆ, ಮಾವ ಇನ್ನೊಂದು ಹೇಳುತ್ತಾರೆ. ಅವನು ಏನು ಮಾಡಿದ, ಯಾಕೆ ಮಾಡಿದ, ಆಮೇಲೆ ಮನೆಯಲ್ಲಿ ಮಾತು ಹೇಗೆ ನಡೆಯಿತು ಅಂತ ಬರೆದರೆ ಅದೇ 650 ಪದ ಆಗುತ್ತದೆ. ಅವನು ಎಂಥವನು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಮಕ್ಕಳು ಬಡತನವನ್ನು ದೊಡ್ಡದು ಮಾಡಿ ಬರೆಯಬೇಕು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ, ಹೊಲ ಕಳೆದುಕೊಂಡ ಕುಟುಂಬ ನಿಮ್ಮದಾಗಿದ್ದರೆ, ಅಂಥ ಸಂಗತಿಗೆ ಅರ್ಜಿಯಲ್ಲೇ ಬೇರೆ ಜಾಗ ಇದೆ. ಕಷ್ಟ, ಸಂದರ್ಭ ಹೇಳಲು 250 ಪದ ಕೊಟ್ಟಿದ್ದಾರೆ. ಅಲ್ಲಿ ಸಂಗತಿಯನ್ನು ನೇರವಾಗಿ ಹೇಳಿ. ಪ್ರಬಂಧ ಇರುವುದು ಓದುವವರಿಗೆ ಅಳು ಬರಿಸುವುದಕ್ಕಲ್ಲ.

ಸಮಾಜಸೇವೆ ಅಂತ ತೋರಿಸಿದರೆ ಚೆನ್ನಾಗಿರುತ್ತದೆ ಅಲ್ವಾ?

ವ್ಯಾಪಾರ ವ್ಯಾಪಾರವೇ. ಲಾಭಕ್ಕೆ ಮಾರಿದ್ದನ್ನು ಸೇವೆ ಅನ್ನಬೇಡಿ. ನಿಮ್ಮ ಜೊತೆ ಕೆಲಸ ಮಾಡುವ ಹೆಂಗಸರಿಗೆ ಸರಿಯಾದ ಕೂಲಿ ಕೊಟ್ಟಿದ್ದರೆ ಎಷ್ಟು ಕೊಟ್ಟಿರಿ ಅಂತ ಹೇಳಿ.

ಒಬ್ಬ ಕನ್ಸಲ್ಟೆಂಟ್ ಹಣ ಕೊಟ್ಟರೆ ಕಂಪನಿ, ವೆಬ್‌ಸೈಟ್ ಎಲ್ಲ ಮಾಡಿಕೊಡುತ್ತೇನೆ ಅನ್ನುತ್ತಾರೆ.

ಬೇಡ. ಖಡಾಖಂಡಿತವಾಗಿ ಬೇಡ. ಪಿಯು ಎರಡನೇ ವರ್ಷದ ಆಗಸ್ಟ್‌ನಲ್ಲಿ ಹುಟ್ಟಿ ಜನವರಿಗೆ ಸತ್ತುಹೋಗುವ ಕಂಪನಿಗಳನ್ನು ಅರ್ಜಿ ಓದುವವರು ಚೆನ್ನಾಗಿ ಬಲ್ಲರು. ಆ ಹಣ ನಿಮ್ಮ ನಿಜವಾದ ವ್ಯಾಪಾರಕ್ಕೆ ತಕ್ಕಡಿ, ಡಬ್ಬ, ಹೊಲಿಗೆ ಯಂತ್ರ ಆಗಬಹುದು.

ಇಷ್ಟು ದೂರದಿಂದ ಅವರು ಪರಿಶೀಲನೆ ಮಾಡುತ್ತಾರಾ?

ಮಾಡಬಹುದು. ಅರ್ಜಿ ಕಳಿಸುವಾಗ ಇದೆಲ್ಲ ನಿಜ ಅಂತ ನೀವು ಸಹಿ ಹಾಕುತ್ತೀರಿ. ಸುಳ್ಳು ಅಂತ ಗೊತ್ತಾದರೆ ಕೊಟ್ಟ ಸೀಟನ್ನೂ ವಾಪಸ್ ಪಡೆಯುತ್ತಾರೆ. 2019ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಪ್ರವೇಶದ ದೊಡ್ಡ ಹಗರಣ ಹೊರಬಂತು. ಲಂಚ ಕೊಟ್ಟು, ಆಡದ ಆಟದಲ್ಲಿ ಮಕ್ಕಳನ್ನು ಆಟಗಾರರು ಅಂತ ತೋರಿಸಿದ್ದರು. ಮೊದಲ ದಿನವೇ 50 ಜನರ ಮೇಲೆ ಕೇಸು ಆಯಿತು. ಅದನ್ನು ನಡೆಸಿದ ಸಲಹೆಗಾರನಿಗೆ 2023ರಲ್ಲಿ ಮೂರೂವರೆ ವರ್ಷ ಜೈಲು ಆಯಿತು. ಎಐ ಹತ್ತಿರ ಪ್ರಬಂಧ ಬರೆಸಿ ತನ್ನದು ಅಂತ ಕೊಡುವುದನ್ನೂ ಕಾಮನ್ ಆ್ಯಪ್ ನಿಯಮ ಈಗ ವಂಚನೆ ಅಂತಲೇ ಎಣಿಸುತ್ತದೆ. ಕೆಲವು ಕಾಲೇಜುಗಳಲ್ಲಿ ಸಂದರ್ಶನವೂ ಇರುತ್ತದೆ. ಒಂದು ರೊಟ್ಟಿಗೆ ನಿಮಗೆ ಎಷ್ಟು ಖರ್ಚು ಬೀಳುತ್ತದೆ ಅಂತ ಕೇಳಿದರೆ ನಿಜವಾಗಿ ಮಾಡಿದವರು ತಡವರಿಸುವುದಿಲ್ಲ.

ನಮ್ಮ ಪಿಯು ಕಾಲೇಜಿನಲ್ಲಿ ಅರ್ಜಿಗೆ ಸಲಹೆ ಕೊಡುವ ಕೌನ್ಸೆಲರ್ ಇಲ್ಲ. ಪತ್ರ ಯಾರು ಕೊಡಬೇಕು?

ನಮ್ಮ ಕಡೆ ಅತಿ ಕಷ್ಟದ ಭಾಗ ಇದೇ. ಎರಡು ತಿಂಗಳ ಮೊದಲೇ ಶುರು ಮಾಡಿ. ಪ್ರಾಂಶುಪಾಲರು ಅಥವಾ ಅವರು ಒಪ್ಪಿದ ಉಪನ್ಯಾಸಕರು ಕೌನ್ಸೆಲರ್ ಜಾಗದಲ್ಲಿ ಅರ್ಜಿಯ ಶಾಲಾ ಭಾಗ ತುಂಬಬಹುದು. ಅದಕ್ಕೆ ಅವರ ಇ-ಮೇಲ್ ಬೇಕು, ಆದಷ್ಟು ಕಾಲೇಜಿನ ಹೆಸರಿನದ್ದೇ ಇರಲಿ. ಜೊತೆಗೆ ಪಾಠ ಮಾಡಿದ ಶಿಕ್ಷಕರಿಂದ ಒಂದೋ ಎರಡೋ ಪತ್ರ.

ಅಮೆರಿಕದವರು ಒಂಬತ್ತರಿಂದ ಹನ್ನೆರಡರವರೆಗೆ ಒಂದೇ ಶಾಲೆ ಅಂದುಕೊಂಡಿರುತ್ತಾರೆ. ನಮ್ಮಲ್ಲಿ ಒಂಬತ್ತು, ಹತ್ತು ಹೈಸ್ಕೂಲಿನಲ್ಲಿ, ಆಮೇಲೆ ಪಿಯು ಬೇರೆ ಕಾಲೇಜು. ಹಾಗಾಗಿ ಎರಡೂ ಕಡೆಯಿಂದ ಅಂಕಪಟ್ಟಿ ತರಬೇಕು. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಬೇಕು. ಕಾಲೇಜಿನ ಬಗ್ಗೆ ಒಂದು ಪುಟದ ಪರಿಚಯವೂ ಹೋಗಬೇಕು: ಎಷ್ಟು ಮಕ್ಕಳು, ಯಾವ ವಿಷಯಗಳು, ಯಾವ ಮಾಧ್ಯಮ, ಪಾಸಿಗೆ ಎಷ್ಟು ಅಂಕ. ಆ ಪುಟಕ್ಕೆ ಬೇಕಾದ ಮಾಹಿತಿ ನೀವೇ ಕೂಡಿಸಿ ಪ್ರಾಂಶುಪಾಲರ ಮುಂದೆ ಇಟ್ಟರೆ ಅವರಿಗೂ ಅನುಕೂಲ.

ಶಿಕ್ಷಕರಿಗೆ ನಿಮ್ಮ ವ್ಯಾಪಾರದ ವಿಷಯ ಗೊತ್ತಿರಲಿ. ಅರ್ಥಶಾಸ್ತ್ರದ ಸರ್ "ಬೇಡಿಕೆ ಪಾಠ ಮಾಡುವಾಗ ಇವಳು ತನ್ನ ಜಾತ್ರೆ ಅಂಗಡಿಯ ಲೆಕ್ಕ ತಂದು ತೋರಿಸಿದಳು" ಅಂತ ಬರೆದರೆ ಅದಕ್ಕೆ ಬೆಲೆ ಕಟ್ಟಲಾಗದು. ಸೋದರಮಾವ ಅದೇ ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದರೂ ಅವರಿಂದ ಪತ್ರ ಬೇಡ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ನನಗೆ ಆಗುತ್ತದಾ?

ಐಇಎಲ್‌ಟಿಎಸ್, ಟೋಫೆಲ್ ಅಥವಾ ಡ್ಯುಯೊಲಿಂಗೊ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾಗುತ್ತದೆ. ಯಾವುದು ನಡೆಯುತ್ತದೆ ಅಂತ ಆಯಾ ಕಾಲೇಜು ಹೇಳುತ್ತದೆ. ಪ್ರಬಂಧವನ್ನು ಮೊದಲು ಕನ್ನಡದಲ್ಲೇ ಯೋಚಿಸಿ, ಬೇಕಾದರೆ ಕನ್ನಡದಲ್ಲೇ ಬರೆಯಿರಿ. ಆಮೇಲೆ ನಿಮ್ಮದೇ ಸರಳ ಇಂಗ್ಲಿಷಿಗೆ ತನ್ನಿ. ಸರಳ ವಾಕ್ಯಕ್ಕೆ ಯಾರೂ ಅಂಕ ಕಡಿಯುವುದಿಲ್ಲ.

ಇಷ್ಟೆಲ್ಲಾ ಸರಿ, ದುಡ್ಡು?

ಇದನ್ನು ಮನೆಯವರ ಜೊತೆ ಮೊದಲ ದಿನವೇ ಮಾತಾಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಕಾಲೇಜುಗಳು ವಿದೇಶಿ ಮಕ್ಕಳಿಗೂ ಹಣ ಇದೆಯೋ ಇಲ್ಲವೋ ಅಂತ ನೋಡದೆ ಆರಿಸುತ್ತವೆ, ಆರಿಸಿದ ಮೇಲೆ ಕುಟುಂಬಕ್ಕೆ ಕಡಿಮೆ ಬೀಳುವಷ್ಟನ್ನು ಕೊಡುತ್ತವೆ. ಇಂಥವು ಕೆಲವೇ. ಬೇರೆ ಬಹಳಷ್ಟು ಕಡೆ ಸಹಾಯ ಕೇಳಿದರೆ ಸೀಟು ಸಿಗುವುದು ಇನ್ನೂ ಕಷ್ಟ. ಅಜೀಂ ಪ್ರೇಮ್‌ಜಿ, ಅಶೋಕ ಎರಡರಲ್ಲೂ ಮನೆಯ ಪರಿಸ್ಥಿತಿ ನೋಡಿ ನೆರವು ಕೊಡುವ ವ್ಯವಸ್ಥೆ ಇದೆ. ಸಹಾಯದ ಅರ್ಜಿಯಲ್ಲಿ ಹೇಳಿದ ಆದಾಯಕ್ಕೂ ಚಟುವಟಿಕೆಯಲ್ಲಿ ಹೇಳಿದ ವ್ಯಾಪಾರಕ್ಕೂ ತಾಳೆ ಆಗಬೇಕು. ಒಂದು ಕಡೆ ಲಕ್ಷಗಟ್ಟಲೆ ಲಾಭ, ಇನ್ನೊಂದು ಕಡೆ ಮನೆಗೆ ಆದಾಯವೇ ಇಲ್ಲ ಅಂದರೆ ಪ್ರಶ್ನೆ ಏಳುತ್ತದೆ.

ಯಾವಾಗ ಶುರು ಮಾಡಬೇಕು?

ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಅಕ್ಟೋಬರ್ 15 ಕೊನೆ. ಅಮೆರಿಕದ ಅರ್ಲಿ ಅರ್ಜಿಗಳು, ಅಂದರೆ ಮುಂಚಿತವಾಗಿ ಹಾಕುವವು, ಹೆಚ್ಚಾಗಿ ನವೆಂಬರ್ 1ಕ್ಕೆ, ಉಳಿದವು ಜನವರಿ ಮೊದಲ ವಾರದ ಹೊತ್ತಿಗೆ. ಅವುಗಳಲ್ಲಿ ಒಂದು ಬಗೆಯಾದ ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇನೆ ಅಂತ ಮಾತು ಕೊಟ್ಟ ಹಾಗೆ, ದುಡ್ಡಿನ ಲೆಕ್ಕ ಸರಿಯಾಗಿ ಹಾಕದೆ ಅದನ್ನು ಆರಿಸಬೇಡಿ. ಜನವರಿ ಅಂದರೆ ನಮ್ಮ ಕಡೆ ಜಾತ್ರೆಯ ಕಾಲ, ಪಿಯು ಪ್ರಿಪರೇಟರಿ ಪರೀಕ್ಷೆಯೂ ಹತ್ತಿರ. ಪ್ರಬಂಧದ ಕೆಲಸ ಅಕ್ಟೋಬರ್ ದಸರಾ ರಜೆಯಲ್ಲೇ ಮುಗಿಸಿಕೊಳ್ಳಿ.

ವ್ಯಾಪಾರ ನಿಂತುಹೋಗಿದೆ. ಅಥವಾ ನಾನು ಊರು ಬಿಟ್ಟ ಮೇಲೆ ನಿಲ್ಲುತ್ತದೆ. ಅದನ್ನೂ ಹೇಳಬೇಕಾ?

ಹೇಳಿ. ನಿಂತ ವ್ಯಾಪಾರವೂ ಚಟುವಟಿಕೆಯೇ. ಯಾವ ತರಗತಿಯಿಂದ ಯಾವ ತರಗತಿಯವರೆಗೆ ನಡೆಯಿತು ಅಂತ ಗುರುತು ಹಾಕಲು ಅರ್ಜಿಯಲ್ಲೇ ಅವಕಾಶ ಇದೆ. ಯಾಕೆ ನಿಂತಿತು ಅಂತ ಹೆಚ್ಚುವರಿ ಮಾಹಿತಿಯ 300 ಪದದಲ್ಲಿ ಎರಡು ಸಾಲು ಬರೆದರೆ ಸಾಕು. ಹುಣಸೆ ಬೆಲೆ ಏರಿತು, ದೊಡ್ಡ ಅಂಗಡಿ ಬಂತು, ಪರೀಕ್ಷೆ ಬಂತು, ಏನಿದೆಯೋ ಅದು.

ಇನ್ನೂ ನಡೆಯುತ್ತಿದ್ದರೆ ಯಾರಿಗೆ ಬಿಟ್ಟು ಹೋಗುತ್ತೀರಿ ಅಂತ ಈಗಲೇ ಯೋಚಿಸಿ. ಗಿರಾಕಿಗಳ ನಂಬರ್ ನಿಮ್ಮ ಫೋನಿನಲ್ಲಿ ಮಾತ್ರ ಇದ್ದರೆ ನೀವು ಹೋದ ವಾರವೇ ವ್ಯಾಪಾರ ಮುಗಿಯಿತು. ತಮ್ಮನಿಗೋ ಚಿಕ್ಕಮ್ಮನಿಗೋ ಆರ್ಡರ್ ಬರೆದುಕೊಳ್ಳುವುದು, ಉದ್ರಿ ವಸೂಲಿ ಮಾಡುವುದು, ಖರ್ಚು ತೆಗೆದು ಬೆಲೆ ಇಡುವುದು ಕಲಿಸಿ. ಒಂದು ತಿಂಗಳು ನೀವು ಪಕ್ಕದಲ್ಲಿ ಕೂತು ಅವರೇ ನಡೆಸಲಿ. ಅರ್ಜಿ ಕಳಿಸುವ ಹೊತ್ತಿಗೆ ಆ ಕೆಲಸ ಶುರುವಾಗಿದ್ದರೆ ಅದನ್ನೂ 150 ಅಕ್ಷರದಲ್ಲಿ ಸೇರಿಸಿ.